ಸೊನ್ನೆ ಬರೆದ ಸಿಸ್ಟರ್

ಹೆಸರು, ಸಹಿ ಇಲ್ಲದ ಕಾಗದ ನನ್ನ ಪಾಲಿಗೆ ರದ್ದಿ. ಇಪ್ಪತ್ತೆಂಟು ವರ್ಷ ಆರೋಗ್ಯ ಮೇಲ್ವಿಚಾರಕನಾಗಿ ದುಡಿದವನ ತಲೆ ಹೀಗೇ ಇರುತ್ತದೆ. ಆ ತಲೆಯೇ ರಮಾಬಾಯಿಯ ನೌಕರಿ ತಿಂದಿತು.

ಹೋದ ವರ್ಷ ಯಾವುದೋ ಕಾಲೇಜಿನವರು ನಮ್ಮ ಹಳ್ಳಿ ಉಪಕೇಂದ್ರಗಳ ಸಿಸ್ಟರುಗಳಿಗೆಂದು ಒಂದು ಪ್ರಶ್ನೆಪಟ್ಟಿ ಕಳಿಸಿದರು. ಕೆಲಸ ನಿಮ್ಮನ್ನು ಎಷ್ಟು ಹಿಂಡುತ್ತಿದೆ, ಬೆಳಗ್ಗೆ ಏಳುವಾಗಲೇ ದಣಿವಿರುತ್ತದೆಯೇ, ಸಿಟ್ಟು ಬಂದರೆ ತಡೆದುಕೊಳ್ಳಬಲ್ಲಿರಾ? ಸೊನ್ನೆಯಿಂದ ಆರರವರೆಗೆ ಅಂಕಿ ಹಾಕಬೇಕು: ಇಲ್ಲವೇ ಇಲ್ಲ ಎಂದರೆ ಸೊನ್ನೆ, ಯಾವಾಗಲೂ ಎಂದರೆ ಆರು. ಹೆಸರು ಬರೆಯಬೇಡಿ ಎಂದು ಮೇಲೆಯೇ ದಪ್ಪಕ್ಷರದಲ್ಲಿತ್ತು. ನಾನು ಬರೆಸಿದೆ.

“ಹೆಸರು ಬ್ಯಾಡ ಅಂದಾರಲ್ರಿ ಸರ್?” ಎಂದು ಕೇಳಿದವಳು ರಮಾಬಾಯಿ ಒಬ್ಬಳೇ. ಚಂದ್ರಂಪಳ್ಳಿ ಕಡೆಯ ಐದು ಊರು ನೋಡಿಕೊಳ್ಳುತ್ತಿದ್ದಳು.

“ಬರೀರಿ ಸಿಸ್ಟರ್, ನಾ ಏನ್ ನುಂಗತೀನಾ?”

ನಾನು ಎದುರಿಗೇ ಕುಳಿತಿದ್ದೆ. ದಣಿವಿನ ಪ್ರಶ್ನೆಗಳಿಗೆಲ್ಲ ಆಕೆ ಸೊನ್ನೆ ಹಾಕಿದಳು, ಸಿಟ್ಟು ತಡೆಯುವುದಕ್ಕೆ ಪೂರಾ ಆರು. ನಾನು ಹಿಗ್ಗಿಹೋದೆ. ಇಂಥ ಗಟ್ಟಿಗಿತ್ತಿ ಇರುವಾಗ, ಸಿಸ್ಟರ್ ಇಲ್ಲದೆ ಖಾಲಿ ಬಿದ್ದ ಪಕ್ಕದ ಉಪಕೇಂದ್ರಕ್ಕೆ ಬೇರೆಯವರನ್ನು ಯಾಕೆ ಹುಡುಕಬೇಕು? ಅದನ್ನೂ ಆಕೆಗೇ ಅಂಟಿಸಿದೆ. “ಆಯ್ತ್ರಿ ಸರ್” ಎಂದು ನಕ್ಕಳು. ಆ ನಗೆಯನ್ನು ನಾನು ಒಪ್ಪಿಗೆ ಎಂದುಕೊಂಡೆ, ಮೂರ್ಖ.

ಐದು ತಿಂಗಳಾದ ಮೇಲೆ ಒಂದು ದಿನ, ಸೂಜಿ ಹಾಕಿಸಲು ಕೂಸನ್ನು ತಡವಾಗಿ ತಂದ ಹುಸ್ನಾ ಎಂಬ ಬಾಣಂತಿಯ ಕೆನ್ನೆಗೆ ರಮಾಬಾಯಿ ಹೊಡೆದಳು. ಹನ್ನೊಂದು ವರ್ಷದಲ್ಲಿ ಒಬ್ಬರ ಮೇಲೂ ದನಿ ಏರಿಸಿದವಳಲ್ಲ. ಯಾರೂ ದೂರು ಕೊಡುವ ಮೊದಲೇ ರಾಜೀನಾಮೆ ಬರೆದಿಟ್ಟು ಸೇಡಂನ ತವರಿಗೆ ಹೋದಳು.

ರಾಜೀನಾಮೆ ವಾಪಸ್ ತೆಗೆಸಬೇಕೆಂದು ನಾನೂ ಅಲ್ಲಿಗೆ ಹೋದೆ. ಹೆಸರು ಬರೆಸಿ, ಎದುರಿಗೆ ಕುಳಿತು ನಿಮ್ಮಿಂದ ಸೊನ್ನೆ ಹಾಕಿಸಿದ ತಪ್ಪು ನನ್ನದೆಂದೆ. ಹೆಚ್ಚಿನ ಕೇಂದ್ರ ತೆಗೆಯುತ್ತೇನೆ, ರಜೆ ಕೊಡಿಸುತ್ತೇನೆ ಎಂದೆ.

“ಬ್ಯಾಡ್ರಿ ಸರ್. ಹುಸ್ನಾನ ಮನಿಗಿ ಹೋಗಿ ಕೈ ಮುಗದ್ ಬಂದೀನಿ. ಬೈತಾಳಂತ ಮಾಡಿದ್ದೆ. ಆಕಿ ಕೈ ಹಿಡದ್ ಕುಂದ್ರಿಸಿ, ‘ಅಕ್ಕಾ, ಇವತ್ತ ಏನರ ಉಂಡೀಯಿಲ್ಲೊ?’ ಅಂದಳ್ರಿ. ಇಷ್ಟು ವರ್ಷ ಕೆಲಸದ ಮ್ಯಾಗ ಇದ್ದಾಗ ಯಾರೂ ಕೇಳಿದ್ದಿಲ್ಲ. ಅಲ್ಲೇ ಕುಂತು ಭಾಳ ಅತ್ತೀನಿ.”

ಪ್ರತಿ ವಾರ ಆಕೆಯ ಕೇಂದ್ರಕ್ಕೆ ಹೋಗುತ್ತಿದ್ದವನು ನಾನು. ಗುಳಿಗೆ ಎಷ್ಟು ಉಳಿದಿವೆ, ಹೆರಿಗೆ ಎಷ್ಟಾದವು, ರಿಪೋರ್ಟು ಯಾಕೆ ತಡ ಎಂದೆಲ್ಲ ಕೇಳುತ್ತಿದ್ದೆ. ಉಂಡಿರಾ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ರಮಾಬಾಯಿ ಒಳಗೆ ಹೋಗಿ ತಾಟು ತಂದಿಟ್ಟಳು.

“ಬಿಸಲಾಗ ಬಂದೀರಿ. ಉಂಡು ಹೋಗ್ರಿ ಸರ್.”

ಕುಳಿತೆ. ತಾಟಿಗೆ ಕೈ ಹಾಕುವ ಮೊದಲು, “ನೀವು ಉಂಡೀರೇನ್ರಿ ಸಿಸ್ಟರ್?” ಎಂದು ಕೇಳಿದೆ.