ಅರಗಿನ ಎಲೆಕ್ಟ್ರಾನು

"ಇದು ತಪ್ಪಾಗಿದೆ ಗಂಗಕ್ಕ," ಎಂದರು ಸುಚಿತ್ರಾ ಮೇಡಂ, ಮಾದರಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು.

ಗಂಗಲಕ್ಷ್ಮಮ್ಮ ಮರ ಕಡೆಯುವ ಲೇತ್ ಆಫ್ ಮಾಡಿದಳು. ಚನ್ನಪಟ್ಟಣದ ಅವಳ ಮನೆಯ ಮುಂಗೋಣೆಯಲ್ಲಿ ಬೆಲ್ಟು ಇನ್ನೂ ನಾಲ್ಕು ಸುತ್ತು ತಿರುಗಿ ನಿಂತಿತು. ಮೇಡಂ ಕಲಿಸುವ ಹೈಸ್ಕೂಲಿನ ವಿಜ್ಞಾನ ಪಾಠಕ್ಕೆ ಕಾರ್ಬನ್ ಪರಮಾಣುವಿನ ಹನ್ನೆರಡು ಮರದ ಮಾದರಿ ಬೇಕಿದ್ದವು. ಅವಳ ಹೆಸರಿಗೇ ಬಂದ ಮೊದಲ ಆರ್ಡರು. ಇವತ್ತು ಈ ಮೊದಲನೆಯದು ಒಪ್ಪಿಗೆಯಾದರೆ ಮಿಕ್ಕ ಹನ್ನೊಂದೂ ಅವಳವು. ಇಲ್ಲದಿದ್ದರೆ ರಾಮಲಿಂಗಯ್ಯನವರ ಕಾರ್ಖಾನೆಗೆ.

ಆ ಕಾರ್ಖಾನೆಯಲ್ಲಿ ಅವಳು ಹದಿನೆಂಟು ವರ್ಷ ಬೊಂಬೆ ಉಜ್ಜಿ, ಪೆಟ್ಟಿಗೆಗೆ ತುಂಬಿದ್ದಳು. ಹೆಂಗಸರು ಉಳಿ ಹಿಡಿಯಬಾರದೆಂದು ಅಲ್ಲಿ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಹರಿದು ಹಾಕಬಹುದಿತ್ತು. ಕಡೆಗೆ ಕೆಲಸ ಬಿಟ್ಟು, ತರಬೇತಿ ಕೇಂದ್ರದಲ್ಲಿ ಆರು ತಿಂಗಳು ಕಲಿತು, ಮನೆಯಲ್ಲೇ ಲೇತ್ ಹಾಕಿಸಿಕೊಂಡಿದ್ದಳು. "ಸುಮ್ನೆ ನೋಡ್ಕಂಡು ಹೋಗುವಾ ಅಂತ" ಬಂದ ರಾಮಲಿಂಗಯ್ಯ ಈಗ ಬಿಳಿ ಶರ್ಟಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರು.

"ನಾನ್ ಹೇಳ್ನಿಲ್ವಾ ಮೇಡಂ?" ಎಂದರು ಅವರು. "ಗಿಲಕಿ ಮಾಡೋರ್ಗೆ ಸೈನ್ಸು ಯಾಕೆ ಅಂತ."

"ಹದಿನೆಂಟು ವರ್ಸ ನೀವು ಮಾಡ್ಸಿದ್ದೂ ಗಿಲಕಿನೇ ಅಲ್ವಾ ಯಜಮಾನ್ರೇ," ಎಂದು ಗಂಗಲಕ್ಷ್ಮಮ್ಮ ಮೇಡಂ ಕಡೆ ತಿರುಗಿದಳು. "ಏನ್ ತಪ್ಪು ಹೇಳಿ. ಪುಸ್ತಕದಾಗೆ ಇದ್ದಂಗೇ ಎಣಿಸಿವ್ನಿ. ನಡುವೆ ಕೆಂಪು ಆರು, ಅರಿಸಿನದ ಬಣ್ಣದ್ದು ಆರು. ಒಳಗಿನ ಸುತ್ತಿಗೆ ಹಸ್ರು ಎರಡು, ಹೊರಗಿನದಕ್ಕೆ ನಾಕು."

"ಲೆಕ್ಕ ಸರಿ. ಪ್ರೋಟಾನು, ನ್ಯೂಟ್ರಾನು ಸರಿ. ಆದರೆ ಹಸಿರು ಎಲೆಕ್ಟ್ರಾನೂ ಅಷ್ಟೇ ದಪ್ಪ ಮಾಡಿದೀರಲ್ಲ?"

ಹದಿನೆಂಟು ಗುಂಡೂ ಒಂದೊಂದು ನಿಂಬೆಹಣ್ಣಿನ ಗಾತ್ರ. ಬಳೆಯ ಹಾಗೆ ಕಡೆದ ತೆಳು ಸುತ್ತುಗಳು ಆ ಭಾರಕ್ಕೆ ಓಲಿಕೊಂಡಿದ್ದವು.

"ಅದುಕ್ಕಿಂತ ಸಣ್ಣದು ಮಾಡಂಗಿಲ್ಲ ಕಣಮ್ಮ. ಮಗೀನ ಬಾಯಿಗೆ ತೂರೋವಂಥದ್ದು ಈ ಊರ್ನಾಗೆ ಯಾರೂ ಕಡೆಯಕಿಲ್ಲ."

ಮೇಡಂ ನಕ್ಕುಬಿಟ್ಟರು. "ಇವು ಒಂಬತ್ತನೇ ಕ್ಲಾಸಿನ ಮಕ್ಕಳು. ಪಾಠನೇ ನುಂಗಲ್ಲ, ಗುಂಡು ನುಂಗ್ತಾರಾ?" ಆಮೇಲೆ ಸ್ಟೂಲಿನ ಮೇಲೆ ಕೂತು ಹೇಳಿದರು: "ಒಂದು ಪ್ರೋಟಾನಿನ ತೂಕಕ್ಕೆ ಸಾವಿರದ ಎಂಟುನೂರಕ್ಕೂ ಮೇಲೆ ಎಲೆಕ್ಟ್ರಾನು ಬೇಕು ಗಂಗಕ್ಕ. ಭಾರವೆಲ್ಲ ನಡುವಿನ ನ್ಯೂಕ್ಲಿಯಸ್ಸಿನಲ್ಲೇ. ಅದು ಈ ಉಂಡೆಯಷ್ಟಿದ್ದರೆ ಎಲೆಕ್ಟ್ರಾನುಗಳು ರೈಲ್ವೆ ಸ್ಟೇಷನ್ನಿನ ಆಚೆ ಎಲ್ಲೋ ಇರಬೇಕು."

"ಇಲ್ಲಿಗೂ ಅಲ್ಲಿಗೂ ನಡುವೆ ಏನೈತೆ?"

"ಏನೂ ಇಲ್ಲ. ಖಾಲಿ."

ಗಂಗಲಕ್ಷ್ಮಮ್ಮ ಹಾಲೆಮರದ ತುಂಡೊಂದನ್ನು ಎತ್ತಿ ಲೇತಿನ ಕಬ್ಬಿಣಕ್ಕೆ ಟಕಟಕ ಕುಟ್ಟಿದಳು. "ಇದೂ ಖಾಲಿನಾ? ಹಂಗಾದ್ರೆ ನನ್ ಉಳಿ ಯಾಕೆ ಮೊಂಡಾಯ್ತದೆ?"

"ಈ ಪ್ರಶ್ನೆ ನನ್ನ ಕ್ಲಾಸಲ್ಲಿ ಒಬ್ಬರೂ ಕೇಳಿಲ್ಲ." ಮೇಡಂ ಮುಖದ ನಗು ಸಣ್ಣಗಾಯಿತು. "ಆದರೂ ಇದನ್ನ ಒಪ್ಪೋಕಾಗಲ್ಲ. ಮಕ್ಕಳು ಕಂಡದ್ದನ್ನೇ ನಂಬ್ತಾರೆ."

"ಕೊಡಿ ಮೇಡಂ, ನಮ್ಮ ಹುಡುಗ್ರು ಸಣ್ಣ ಮಣಿ ಕಡ್ದು ಕೊಡ್ತಾರೆ," ಎಂದರು ರಾಮಲಿಂಗಯ್ಯ.

ಗಂಗಲಕ್ಷ್ಮಮ್ಮ ಸುತ್ತುಗಳನ್ನೇ ನೋಡುತ್ತಿದ್ದಳು. "ತೂಕನೇ ಇಲ್ದಿದ್ಮೇಲೆ ಅದುಕ್ಕೆ ಮರ ಯಾಕೆ? ಒಸಿ ಕೂತ್ಕಳಿ ಮೇಡಂ."

ಆರೂ ಹಸಿರು ಗುಂಡುಗಳನ್ನು ಉಳಿಯ ಮೊನೆಯಿಂದ ಎಬ್ಬಿಸಿದಳು. ಅಂಟು ಹೆರೆದು, ಸುತ್ತುಗಳನ್ನು ತಾಳೆ ಎಲೆಯಿಂದ ಮಿರುಗುವಂತೆ ತಿಕ್ಕಿದಳು. ಹಸಿರು ಅರಗಿನ ಕಡ್ಡಿಯನ್ನು ಸ್ಟವ್ ಉರಿಗೆ ಹಿಡಿದು, ತುದಿ ಕರಗುತ್ತಲೂ ಉಸಿರು ಬಿಗಿಹಿಡಿದು ಒಳಸುತ್ತಿಗೆ ಎರಡು ಸಲ, ಹೊರಸುತ್ತಿಗೆ ನಾಲ್ಕು ಸಲ ಮುಟ್ಟಿಸಿದಳು. ಸಾಸಿವೆ ಗಾತ್ರದ ಆರು ಚುಕ್ಕಿ. ಸುತ್ತುಗಳು ಓಲುವುದು ನಿಂತು ನೆಟ್ಟಗಾದವು.

ಮೇಡಂ ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು, ಮತ್ತೆ ಇನ್ನೊಂದು.

"ನಾನು ಪಾಠ ಮಾಡೋದಕ್ಕಿಂತ ಚೆನ್ನಾಗಿ ಹೇಳುತ್ತೆ ಇದು. ಮಿಕ್ಕ ಹನ್ನೊಂದೂ ಹೀಗೇ ಇರಲಿ ಗಂಗಕ್ಕ."

ಸೆರಗಿನಲ್ಲಿ ಸುತ್ತಿದ ಮಗುವಿನಂತೆ ಅದನ್ನು ಅವುಚಿಕೊಂಡು ಅವರು ಹೊರಟ ಮೇಲೂ ರಾಮಲಿಂಗಯ್ಯ ಬಾಗಿಲಲ್ಲೇ ಇದ್ದರು. ಗಂಗಲಕ್ಷ್ಮಮ್ಮ ಹೊಸ ತುಂಡು ಸಿಕ್ಕಿಸಿ ಲೇತ್ ಆನ್ ಮಾಡಿ ಉಳಿ ಕೊಟ್ಟಳು. ಹೊಟ್ಟು ಹಾರಿ ಹಾರಿ ಅವರ ಬಿಳಿ ಶರ್ಟಿನ ಮೇಲೆ ಬೀಳತೊಡಗಿತು. ಅವರು ಅದನ್ನು ಕೊಡವಲಿಲ್ಲ. ಅವಳ ಕೈಯನ್ನೇ ನೋಡುತ್ತ ನಿಂತಿದ್ದರು.