ಕಾರಖಾನೆ ರಸ್ತೆಯ ಶಾಲೆ

ಖೋಖೋ ಅಂಕಣದ ಅರ್ಧ ಮುಗಿದಿತ್ತು. ಶಿಕ್ಷಕಿ ರಾಜಮತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯಿಂದ ಸುಣ್ಣದ ಪುಡಿಯನ್ನು ಹಿಡಿಹಿಡಿಯಾಗಿ ಉದುರಿಸುತ್ತ ಹಿಂದಹಿಂದಕ್ಕೆ ಸರಿಯುತ್ತಿದ್ದಳು. ಗೆರೆಗಾಗಿ ಎಳೆದ ಹಗ್ಗದ ಎರಡೂ ತುದಿಗೆ ಹುಡುಗಿಯರು ಕುಕ್ಕರಗಾಲಲ್ಲಿ ಕೂತಿದ್ದರು.

ಚಳಿಗಾಲ ಬಂತೆಂದರೆ ಆ ಶಾಲೆ ಬಯಲಿಗೆ ಬಂದುಬಿಡುತ್ತಿತ್ತು. ತಗಡಿನ ಮಾಡಿನ ಕೆಳಗೆ ಬೆರಳು ಸೆಟೆದು ಬಳಪ ನಿಲ್ಲುತ್ತಿರಲಿಲ್ಲ. ಬೆಳಗಿನ ಪಾಠವೆಲ್ಲ ಬಿಸಿಲಲ್ಲೇ, ಬೇವಿನ ಮರಕ್ಕೆ ಒರಗಿಸಿಟ್ಟ ಹಲಗೆಯ ಮುಂದೆ. ಆ ಹಲಗೆಯ ಮೇಲೆ ದಿನಾ ಸುದ್ದಿ ಬರೆಯುವುದು ರಾಜಮತಿಯ ಕೆಲಸ. ಅಂದಿನ ಸುದ್ದಿ ದೊಡ್ಡದೇ: ಸೋಮವಾರ ರಾಯಬಾಗದಲ್ಲಿ ತಾಲೂಕಿನ ಆಟಗಳು, ನಮ್ಮ ಖೋಖೋ ತಂಡಕ್ಕೆ ಏಳನೆಯ ತರಗತಿಯ ಕುಸುಮ ನಾಯಕಿ.

ಎಂಬತ್ತೇಳನೆಯ ಇಸವಿಯ ಡಿಸೆಂಬರ್ ಅದು. ಸಕ್ಕರೆ ಕಾರಖಾನೆಯ ಹಂಗಾಮು ಶುರುವಾಗಿತ್ತು. ಮಹಾರಾಷ್ಟ್ರದ ಬೀಡ ಕಡೆಯಿಂದ ಬಂದ ಕಬ್ಬು ಕಡಿಯುವವರ ಗಾಡಿಗಳು ಶಾಲೆಯ ಮುಂದಿನ ರಸ್ತೆಯಲ್ಲಿ ಹಗಲೆಲ್ಲ ಸಾಗುತ್ತಿದ್ದವು. ಹೋಗುವ ಗಾಡಿಯಿಂದ ಕಬ್ಬು ಜಗ್ಗುವುದು ಆ ಊರಿನ ಮಕ್ಕಳ ಇನ್ನೊಂದು ಆಟ. ರಾಜಮತಿಯೂ ಚಿಕ್ಕಂದಿನಲ್ಲಿ ಆಡಿದ್ದಳು.

"ಅಕ್ಕೋರ, ಗಾಡಿ ಬಂತ್ರಿ," ಎಂದಳು ಕುಸುಮ.

"ಬಂದ್ರ ಬರ್ಲಿ. ಹಗ್ಗ ಬಿಗಿ ಹಿಡಿ."

"ಒಂದ ಗಳಾ ತರ್ತೀನ್ರಿ. ನಿಮಗೂ ಒಂದ."

"ನನ್ನ ಹಲ್ಲಿಗೆ ಕಬ್ಬ ಆಗೂದಿಲ್ಲವಾ. ಲಗೂ ಬಾ."

ಕುಸುಮ ಗಾಲಿಯ ಪಕ್ಕದಲ್ಲಿ ಓಡುತ್ತ ಒಂದು ಕಬ್ಬಿನ ಗಳವನ್ನು ಹಿಡಿದು ಜಗ್ಗಿದಳು. ಅದೇ ಹೊತ್ತಿಗೆ ಮುಂದೆ, ಎತ್ತಿನ ಹತ್ತಿರ, ರಾಜಮತಿಗೆ ತನ್ನ ಮಗ ಅಜಿತ ಕಂಡ. ಆರನೆಯ ತರಗತಿಯ ಹುಡುಗ. ಅವನ ಕೈಯಲ್ಲಿ ಲೆಕ್ಕದ ಪಾಠದ ಕೈವಾರವಿತ್ತು. ಅದರ ಮುಳ್ಳನ್ನು ಎತ್ತಿನ ಪಕ್ಕೆಗೆ ಚುಚ್ಚಿ, ನಗುತ್ತ ಹಿಂದಕ್ಕೆ ಜಿಗಿದ.

ಎತ್ತು ನೆಗೆಯಿತು. ಗಾಡಿ ಅಡ್ಡ ತಿರುಗಿತು. ಲಟಕ್ಕೆಂದ ಸದ್ದು ಕಬ್ಬು ಮುರಿದಂತೆಯೇ ಇತ್ತು. ಅದು ಕಬ್ಬಲ್ಲವೆಂದು ತಿಳಿದದ್ದು ಕುಸುಮ ಚೀರಿದ ಮೇಲೆ.

ಗಾಡಿಯವನು ಮೇಲಿಂದ ಹಾರಿ, ಗಾಲಿಗೆ ಹೆಗಲು ಕೊಟ್ಟು ಎತ್ತಿ, ಹುಡುಗಿಯನ್ನು ಹೊರಗೆಳೆದ. ಅವಳು ಅವನ ತೋಳಿನಲ್ಲಿ ಇರುವಾಗಲೇ ಮೊದಲ ಏಟು ಬಿತ್ತು. ಹೊಡೆದವನು ಎದುರಿನ ಚಹಾದಂಗಡಿಯಿಂದ ಓಡಿಬಂದ ಬಾಪುಸಾಹೇಬ, ರಾಜಮತಿಯ ಗಂಡ. ಅದೇ ಗಾಡಿಯ ಕಬ್ಬನ್ನು ಕಿತ್ತು ಮುಖಕ್ಕೆ ಬೀಸಿದ್ದ.

"ಹಾಕ್ರಿ ಈ ಮಗಗ. ಕುಡದು ಗಾಡಿ ಹೊಡೀತಾನ."

ಮತ್ತೆ ಹತ್ತಾರು ಜನ ಬಂದರು. ಒಂದು ಗಳ ಮುರಿದರೆ ಇನ್ನೊಂದು ಜಗ್ಗಿಕೊಂಡರು. ಗಾಡಿಯ ತುಂಬ ಇದ್ದವಲ್ಲ. ಅವನು ಬಿದ್ದ. ಬಿದ್ದವನ ಬೆನ್ನಿಗೆ, ತಲೆಗೆ, ಮುಚ್ಚಿಕೊಂಡ ಕೈಬೆರಳುಗಳಿಗೆ ಹೊಡೆದರು. ಅವನ ಹೆಂಡತಿ ಇಳಿದು ಬಂದು ಅವನ ಮೇಲೆ ಅಡ್ಡ ಬಿದ್ದಳು. ಅವಳ ಬೆನ್ನಿಗೂ ಬಿದ್ದವು. "ಮಾರು ನಕಾ ಹೋ. ಬೈಲ ಬುಜಲಾ, ಬೈಲ ಬುಜಲಾ," ಎನ್ನುತ್ತಿದ್ದಳು. ಹೊಡೆಯಬೇಡಿ, ಎತ್ತು ಬೆದರಿತು ಎಂದು. ಅಲ್ಲಿದ್ದವರಿಗೆಲ್ಲ ಮರಾಠಿ ಬರುತ್ತಿತ್ತು. ಒಬ್ಬರೂ ಕೈ ನಿಲ್ಲಿಸಲಿಲ್ಲ.

ರಾಜಮತಿ ಗಂಡನ ಮಣಿಕಟ್ಟು ಹಿಡಿದಳು. ಅವನು ಮೊಳಕೈಯಿಂದ ಅವಳ ಎದೆಗೆ ತಿವಿದು, "ನೀ ಹುಡುಗಿನ್ನ ನೋಡ ಹೋಗ," ಎಂದ. ಅವಳು ಮಣ್ಣಿನಲ್ಲಿ ಕೂತು ಕುಸುಮಳ ಕಾಲಿಗೆ ಸೆರಗು ಒತ್ತಿ ಹಿಡಿದಳು. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಆಚೆ ಏಟಿನ ಸದ್ದು ನಿಂತಾಗ ಗಾಡಿಯವನ ಒಂದು ಕಣ್ಣಿದ್ದಲ್ಲಿ ಬರೀ ರಕ್ತವಿತ್ತು. ರಕ್ತಕ್ಕೆ ಕಬ್ಬಿನ ಹಾಲು ಬೆರೆತು, ಅವನ ಮೈತುಂಬ ನೊಣ ಕೂತಿದ್ದವು.

ಒಂದೇ ಜೀಪಿನಲ್ಲಿ ಇಬ್ಬರನ್ನೂ ಚಿಕ್ಕೋಡಿಯ ದವಾಖಾನೆಗೆ ಒಯ್ದರು. ಹೆಡ್‌ಮಾಸ್ತರರು ಮಕ್ಕಳನ್ನು ಮನೆಗೆ ಕಳಿಸಿ, ರಾಜಮತಿಯ ಹತ್ತಿರ ಬಂದರು.

"ಅಕ್ಕೋರ, ನಾಳಿ ಪೊಲೀಸರು ಬರ್ತಾರ. ಹಲಗಿ ಮ್ಯಾಲ ಸುದ್ದಿ ಬರದಬಿಡ್ರಿ. ಕುಡಿದ ಗಾಡಿಯವನಿಂದ ಅಪಘಾತ, ಮಕ್ಕಳು ರಸ್ತೆಗೆ ಹೋಗಬಾರದು ಅಂತ. ಪ್ರಾರ್ಥನಾದಾಗ ಓದಸೂಣು. ಹುಡುಗುರ ಬಾಯಾಗ ಒಂದ ಮಾತ ಬರಬೇಕ ನೋಡ್ರಿ."

"ಅವ ಕುಡದಿದ್ನೇನ್ರಿ ಸರ?"

"ನನಗೇನ ಗೊತ್ರಿ. ನಿಮ್ಮ ಮನಿಯವರ ಅಂದ್ರು."

ಬೆಳಿಗ್ಗೆ ಬರೆಯುತ್ತೇನೆಂದು ಅವಳು ಹೊರಟುಬಂದಳು.

ಮನೆಯಲ್ಲಿ ಬಾಪುಸಾಹೇಬ ಹಿತ್ತಲಲ್ಲಿ ಉಗುರು ತಿಕ್ಕಿ ತಿಕ್ಕಿ ಕೈ ತೊಳೆಯುತ್ತಿದ್ದ. "ಹೊತ್ತ ಮುಳಗಾಕತ್ತೇತಿ. ತಾಟ ಹಾಕ ಲಗೂ," ಎಂದ. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಕತ್ತಲಲ್ಲಿ ಕಾಣದ ಹುಳವೊಂದು ಅನ್ನದಲ್ಲಿ ಬಿದ್ದು ಸತ್ತರೆ ಅದರ ಪಾಪ ಉಂಡವರಿಗೆ ಎಂದು ಅವಳ ಅತ್ತೆ ಕಲಿಸಿದ್ದರು.

"ಅವನ ಒಂದ ಕಣ್ಣ ಹೋಗೇತಂತ," ಎಂದಳು ರಾಜಮತಿ, ರೊಟ್ಟಿ ಹಾಕುತ್ತ.

"ಜೀವ ಉಳದೈತೆಲ್ಲ."

"ಎತ್ತ ಯಾಕ ಬೆದರಿತಂತ ನಾ ನೋಡೇನ್ರಿ."

ಅವನು ತಲೆಯೆತ್ತಲಿಲ್ಲ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದ. "ನಾನೂ ನೋಡೇನಿ. ಅದಕ್ಕ ನಾ ಮೊದಲ ಓಡಿದ್ದು. ಮಂದಿ ಕಣ್ಣ ನಮ್ಮ ಹುಡುಗನ ಮ್ಯಾಗ ಬೀಳೂದ್ರಾಗ ಆ ಗಾಡಿಯವ ನೆಲಕ್ಕ ಬೀಳಬೇಕಿತ್ತ."

ಗಂಡನ ಸಿಟ್ಟು ರಾಜಮತಿಗೆ ಹೊಸದಲ್ಲ. ಮದುವೆಯಾದಾಗಿನಿಂದ ಅದನ್ನು ತೋಳಿನ ಮೇಲೆ, ಕೆನ್ನೆಯ ಮೇಲೆ ಕಂಡವಳು. ಬಂದಂತೆ ಹೋಗುತ್ತದೆ ಎಂದು ಬದುಕಿದವಳು. ಹಾದಿಯುದ್ದಕ್ಕೂ ಇದನ್ನೂ ಸಿಟ್ಟೆಂದೇ ಹೇಳಿಕೊಳ್ಳುತ್ತ ಬಂದಿದ್ದಳು. ಸಿಟ್ಟೇ ಇಲ್ಲದೆ, ವಿಚಾರ ಮಾಡಿ, ಒಬ್ಬನ ಕಣ್ಣು ತೆಗೆದ ಕೈ ಅವಳ ಮುಂದೆ ತುತ್ತು ಕಟ್ಟುತ್ತಿತ್ತು.

"ಅಪ್ಪಾ, ಪೊಲೀಸರು ನನ್ನ ಕೇಳಿದ್ರ?" ಎಂದ ಅಜಿತ.

"ಕೇಳೂದಿಲ್ಲ. ಕೇಳಿದ್ರ ಅವ ಕುಡದಿದ್ದ ಅನ್ನು."

ಹುಡುಗ ಸ್ವಲ್ಪ ಹೊತ್ತು ಅಗಿದ. "ವಾಸನಿ ಬರಾಕತ್ತಿತ್ತ ಅಂತೀನಿ."

"ಶ್ಯಾಣ್ಯಾ ಅದಿ ಬಿಡ," ಎಂದು ಬಾಪುಸಾಹೇಬ ನಕ್ಕ.

ಮಧ್ಯಾಹ್ನ ಅಜಿತ ಬೇವಿನ ಮರದ ಹಿಂದೆ ನಿಂತು ನಡುಗುತ್ತಿದ್ದುದನ್ನು ರಾಜಮತಿ ನೋಡಿದ್ದಳು. ಈಗ ತುಪ್ಪಕ್ಕೆಂದು ತಾಟು ಮುಂದೆ ಮಾಡಿದ ಅವನ ಕೈ ಸ್ವಲ್ಪವೂ ಅಲುಗಲಿಲ್ಲ. ಅವಳಿಗೆ ಭಯವಾದದ್ದು ಆಗ.

ತುಪ್ಪ ಹಾಕಿದಳು. ಹಾಕುತ್ತಲೇ ಅವಳ ಮನಸ್ಸಿನಲ್ಲಿ ಎಲ್ಲ ನಿಶ್ಚಯವಾಯಿತು. ನಾಳೆ ಮೊದಲ ಬಸ್ಸಿಗೆ ಚಿಕ್ಕೋಡಿಗೆ. ಕುಸುಮಳನ್ನು ನೋಡಿ ಬರೋಣ ಎಂದರೆ ಅಜಿತ ಬಂದಾನು. ಮೊದಲು ಅವಳ ಮಂಚದ ಮುಂದೆ ಅವನನ್ನು ನಿಲ್ಲಿಸಬೇಕು, ಆಮೇಲೆ ಆ ಮನುಷ್ಯನ ಮಂಚದ ಮುಂದೆ. ಅಲ್ಲಿಂದ ನೆಟ್ಟಗೆ ಪೊಲೀಸ್ ಠಾಣೆಗೆ. ಮಗ ಮಾಡಿದ್ದನ್ನೂ ಗಂಡ ಮಾಡಿದ್ದನ್ನೂ ತಾನೇ ಹೇಳಬೇಕು, ಮಗನ ಎದುರಿಗೇ. ತಿರುಗಿ ಬಂದಾಗ ಈ ಬಾಗಿಲು ತನಗೆ ತೆರೆದೀತೋ ಇಲ್ಲವೋ. ಅದನ್ನು ಅವಳು ಹೆಚ್ಚು ಯೋಚಿಸಲಿಲ್ಲ.

"ಏನ ವಿಚಾರ ಮಾಡಾಕತ್ತಿ?" ಎಂದ ಬಾಪುಸಾಹೇಬ.

"ಏನಿಲ್ರಿ," ಎಂದು ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.