ಕಾಶವ್ವ ತೊಳೆದ ಕರಡಿಗೆ

“ಖಾಲಿ ಐತಿ ಅಂತ ತಿಳದಿದ್ನಿರಿ ಸಾಹೇಬ್ರ.”

ಕಾಶವ್ವ ಈ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಅದಕ್ಕೂ ಮೊದಲು ತಾನು ಕರಡಿಗೆಯನ್ನು ಮುಟ್ಟಿಯೇ ಇಲ್ಲ ಎಂದಿದ್ದಳು. ಬಚ್ಚಲ ಕಟ್ಟೆಯ ಮೇಲೆ ಬೆಳ್ಳಿಯ ಲೋಟ, ಕುಂಕುಮದ ಭರಣಿಗಳ ಜೊತೆ ಲಿಂಗವಿಡುವ ಬೆಳ್ಳಿಯ ಕರಡಿಗೆಯೂ ಫಳಫಳ ಹೊಳೆಯುತ್ತಿತ್ತು. ಗುರುಪಾದಪ್ಪ ಮುಚ್ಚಳ ತೆಗೆದು ಒಳಗೆ ನೋಡುತ್ತ ನಿಂತಿದ್ದ.

ಅಂಟುವಾಳದ ಕುದಿನೀರಿನಲ್ಲಿ ಇಷ್ಟಲಿಂಗ ಮೆತ್ತಗಾಗಿತ್ತು. ಒಂದು ಕಡೆ ಕರಿಯ ಲೇಪ ಕಿತ್ತುಬಂದು, ಒಳಗಿನಿಂದ ಹುಣಸೆ ಬೀಜದಷ್ಟು ಬಿಳಿಯ ಕಲ್ಲು ಇಣುಕುತ್ತಿತ್ತು. ಒಳಗೆ ಇಂಥದೊಂದು ಕಲ್ಲು ಇದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ತನಗೆ ಏನಾದರೂ ಅನ್ನಿಸುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದ. ಏನೂ ಅನ್ನಿಸಲಿಲ್ಲ.

ಬಾಣಂತಿ ಹೆಂಡತಿ ಮಗುವಿನೊಂದಿಗೆ ತವರಿನಿಂದ ಬರುವ ಮೊದಲು ಮನೆ ಹಸನಾಗಿರಲಿ ಎಂದು ಕಾಶವ್ವನನ್ನು ಕೆಲಸಕ್ಕೆ ಹಚ್ಚಿದ್ದ. ಇವತ್ತು ಖಾನಾಪುರದಲ್ಲಿ, ಮಾವನ ಮನೆಯಲ್ಲಿ, ಮಗುವಿನ ಹೆಸರಿಡುವ ಕಾರ್ಯ, ಲಿಂಗ ಕಟ್ಟುವ ಕಾರ್ಯ. ತಂದೆಯಾದವನು ತನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರಬೇಕು. ಅದಕ್ಕೆಂದೇ ನಿನ್ನೆ ಕರಡಿಗೆಯನ್ನು ಮೇಜಿನ ಖಾನೆಯಿಂದ ಹೊರಗೆ ತೆಗೆದಿಟ್ಟಿದ್ದ. ಅಲ್ಲಿ ಅದು ವರ್ಷಗಟ್ಟಲೆ ಹಳೆಯ ಬ್ಲೇಡು, ಸತ್ತ ಬ್ಯಾಟರಿ ಸೆಲ್ಲುಗಳ ಜೊತೆ ಬಿದ್ದುಕೊಂಡಿತ್ತು.

“ನಿಮ್ಮ ಕೊಳ್ಳಾಗ ಯಾವತ್ತೂ ನೋಡಿಲ್ರಿ,” ಎಂದಳು ಕಾಶವ್ವ. “ಮೇಜಿನ ಮ್ಯಾಲ ಬಿದ್ದಿತ್ತು. ಒಳಗ ಏನೂ ಇರಾಕಿಲ್ಲ ಅಂತ ಬಿಸಿನೀರಾಗ ಬಿಟ್ನಿ.”

ಗುರುಪಾದಪ್ಪ ಬೆಳಗಾವಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಕಾಶವ್ವನ ವಾದದಲ್ಲಿ ಅವನಿಗೆ ತಪ್ಪು ಕಾಣಲಿಲ್ಲ.

“ಬೈರಿ ಸಾಹೇಬ್ರ. ಹಿಂಗ ಸುಮ್ಮ ನಿಂದರಬ್ಯಾಡ್ರಿ.”

“ಬೈಯೂದೇನೈತಿ? ಏನಾಗೂದಿಲ್ಲ ಬಿಡು.”

“ಅಕ್ಕಾರಿಗಿ ಹೇಳ್ತೀರೇನ್ರಿ?”

“ಇಲ್ಲ. ನೀನೂ ಹೇಳಬ್ಯಾಡ.”

ಅವಳ ಮುಖ ಹಗುರಾಗಲಿಲ್ಲ. ಸೆರಗಿನೊಳಗೆ ಕೈ ಹಾಕಿ, ಕೊರಳಲ್ಲಿ ಬಟ್ಟೆ ಸುತ್ತಿ ಕಟ್ಟಿಕೊಂಡಿದ್ದ ತನ್ನ ಲಿಂಗವನ್ನು ಒತ್ತಿ ಹಿಡಿದಿದ್ದಳು. “ಒಂದ ಮಾತ ಬೈದಿದ್ರ ಚಲೋ ಇತ್ತರಿ,” ಎಂದು ಗೊಣಗಿ ಪೊರಕೆ ಮೂಲೆಗಿಟ್ಟು ಹೋದಳು. ಅರ್ಧ ನೆಲ ಒರೆಸುವುದು ಹಾಗೇ ಉಳಿಯಿತು. ಕ್ಷಮಿಸಿದರೂ ಸಿಟ್ಟಾಗುವ ಹೆಂಗಸು ಎಂದುಕೊಂಡ ಗುರುಪಾದಪ್ಪ. ಕ್ಷಮಿಸಿದ್ದಕ್ಕೆ ಅವನಿಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ದಾರಿ ಇರಲಿಲ್ಲವೆಂದಲ್ಲ. ಕಾರ್ಯ ಮಾಡಿಸಲಿದ್ದ ಜಂಗಮ ಈರಯ್ಯನವರಿಗೆ ಹೇಳಿದರೆ ಬೇರೆ ಲಿಂಗ ಕೊಡುತ್ತಿದ್ದರು. ಆದರೆ ಹಳೆಯದು ಕೊರಳಲ್ಲಿ ಯಾಕಿರಲಿಲ್ಲ ಎಂದು ಕೇಳದೆ ಬಿಡುತ್ತಿರಲಿಲ್ಲ. ಆ ಪ್ರಶ್ನೆಗೆ ಅವನ ಹತ್ತಿರ ಮರ್ಯಾದೆಯ ಉತ್ತರವೂ ಇರಲಿಲ್ಲ. ಅವನೇನು ಧರ್ಮ ಬಿಟ್ಟು ಬಂಡೆದ್ದವನಲ್ಲ. ಒಮ್ಮೆ ಸ್ನಾನ ಮಾಡುವಾಗ ದಾರ ಹರಿಯಿತು. ಹೊಸದು ತರಲಿಲ್ಲ, ಅಷ್ಟೆ.

ಹೆಂಡತಿ ಶಿವಲಿಂಗವ್ವನಿಗೆ ಇದು ಗೊತ್ತಿತ್ತು. ಮದುವೆಯಾದ ಮೇಲೆ ಅವಳು ಅವನಿಂದ ಬೇಡಿದ್ದು ಒಂದೇ, ಅದೂ ಹೋದ ವಾರ. “ಕೂಸಿನ ಕಾರ್ಯಕ್ಕರೆ ಕೊಳ್ಳಾಗ ಹಾಕ್ಕೊಂಡ್ ಬರ್ರಿ. ನಮ್ಮ ಮಂದಿ ಮುಂದ ನನ್ನ ತಲಿ ತಗ್ಗಿಸಬ್ಯಾಡ್ರಿ.” ಹೂಂ ಅಂದಿದ್ದ.

ಹೊರಡುವ ಮುನ್ನ ಬೂಟಿಗೆ ಪಾಲಿಶ್ ಹಚ್ಚಲು ಹೊಸ್ತಿಲ ಮೇಲೆ ಕೂತ. ಡಬ್ಬಿಯ ಮುಚ್ಚಳ ತೆಗೆದವನು ಒಳಗಿನ ಕಪ್ಪನ್ನೇ ನೋಡುತ್ತ ಉಳಿದ. ಛೇ ಎಂದುಕೊಂಡ. ಹಾಗಂದುಕೊಂಡೇ ಎದ್ದುಹೋಗಿ ಕರಡಿಗೆ ತಂದ. ಇನ್ನೂ ಮೆತ್ತಗಿದ್ದ ಲೇಪವನ್ನು ಹೆಬ್ಬೆರಳಿನಿಂದ ಒತ್ತಿ ಕಲ್ಲು ಮುಚ್ಚಿದ. ಬಿರುಕಿನ ಮೇಲೆ ಪಾಲಿಶ್ ಸವರಿ ಬಟ್ಟೆಯಿಂದ ತಿಕ್ಕಿದ. ಮೊದಲಿಗಿಂತ ಚೆನ್ನಾಗಿ ಹೊಳೆಯಿತು. ಒಂದು ಕೆಲಸ ಮುಗಿಸಿದ ಸಮಾಧಾನವಾಯಿತು. ಆಮೇಲೆ ಬೂಟಿಗೂ ಹಚ್ಚಿದ.

ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಮಚ್ಛೆಯ ಕಾರ್ಖಾನೆಗಳು ಹಿಂದೆ ಸರಿದವು. ರಸ್ತೆಯ ಗುಂಡಿ ಬಂದಾಗಲೆಲ್ಲ ಹೊಸ ದಾರದಲ್ಲಿದ್ದ ಕರಡಿಗೆ ಎದೆಗೆ ಬಡಿಯುತ್ತಿತ್ತು. ಯಾರೋ ಹೊರಗಿನಿಂದ ಬಾಗಿಲು ತಟ್ಟಿದ ಹಾಗಾಗುತ್ತಿತ್ತು.

ಖಾನಾಪುರದಲ್ಲಿ ಮಾವ ಬಂಡೆಪ್ಪನವರ ಪಡಸಾಲೆ ತುಂಬ ಜನ. ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದವನ ಅಂಗಿಯ ಕೊರಳಲ್ಲಿ ದಾರ ಕಂಡು ಶಿವಲಿಂಗವ್ವ ನಿಂತಳು.

“ಹಾಕ್ಕೊಂಡ್ ಬಂದ್ರಿ?”

“ಹೂಂ.”

ಅವಳು ನಕ್ಕಳು. ಈ ನಗುವನ್ನು ಅವನು ಯಾವ ಕಾಲದಲ್ಲಿ ನೋಡಿದ್ದನೋ. ನಾಚಿಕೆಯಾಗಿ ಬೂಟಿನ ಲೇಸಿಗೆ ಮತ್ತೆ ಬಗ್ಗಿದ.

ಪೂಜೆಗೆ ಕೂತರು. ಎಡ ಅಂಗೈ ಮೇಲಿನ ಲಿಂಗಕ್ಕೆ ನೀರೆರೆದರೆ ನೀರು ಅಂಟದೆ ಹನಿಹನಿಯಾಗಿ ಜಾರಿತು. ಊದುಬತ್ತಿಯ ಹೊಗೆ ದಟ್ಟವಾಗಿದ್ದದ್ದು ಒಳ್ಳೆಯದಾಯಿತು, ಪಾಲಿಶ್ ವಾಸನೆ ಅದರಲ್ಲಿ ಮುಚ್ಚಿಹೋಯಿತು. ಈರಯ್ಯನವರು ಬಗ್ಗಿ ನೋಡಿದರು.

“ಏನ್ ಕಳಿ ಐತ್ರಿ ಲಿಂಗಕ್ಕ, ಮಾಸ್ತರ. ದಿನಾ ಪೂಜಾ ತಪ್ಪಿಸಿಲ್ಲ ಕಾಣ್ತೈತಿ.”

ಜನ ತಲೆಯಾಡಿಸಿದರು. ಪಕ್ಕದಲ್ಲಿ ಕೂತಿದ್ದ ಶಿವಲಿಂಗವ್ವ ಗಂಡನತ್ತ ನೋಡಿದಳು. ಆ ನೋಟದಲ್ಲಿ ಗೌರವವಿತ್ತು. ಗುರುಪಾದಪ್ಪ ಕಣ್ಣು ಮುಚ್ಚಿದ. ಜನ ಅದನ್ನೂ ಭಕ್ತಿ ಎಂದೇ ತಿಳಿದರು.

ಅಂಗೈ ಬೆವರುತ್ತಿತ್ತು. ಪೂಜೆ ಮುಗಿದು ಲಿಂಗ ಕರಡಿಗೆ ಸೇರಿತು. ಈರಯ್ಯನವರು ಮಗುವಿನ ಲಿಂಗವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಅದರ ಕೊರಳಿಗೆ ಕಟ್ಟಿದರು. ಅತ್ತೆ ಬಾಳವ್ವ ಮಗುವನ್ನೆತ್ತಿ ಅವನ ಮುಂದೆ ಹಿಡಿದಳು.

“ಹಿಡೀರಿ ನಿಮ್ಮ ಮಗನ್ನ.”

“ಆಮ್ಯಾಲ ಹಿಡೀತೀನ್ರಿ.”

“ಅಂಜತಾರ ನೋಡ್ರಿ,” ಎಂದು ಯಾರೋ ನಕ್ಕರು. ಬಾಳವ್ವ ಮಗುವನ್ನು ಅವನ ಕೈಯಲ್ಲಿ ಇಟ್ಟೇಬಿಟ್ಟಳು. ತಲೆ ಜಾರದಿರಲಿ ಎಂದು ಅವನ ಎಡಗೈ ತಾನಾಗಿ ಮಗುವಿನ ಕೆನ್ನೆಯ ಕೆಳಗೆ ಹೋಯಿತು.

ಬಾಳವ್ವ ಮಗುವನ್ನು ಮರಳಿ ಎತ್ತಿಕೊಂಡಾಗ ಕೆನ್ನೆಯ ಮೇಲೆ ಕಪ್ಪು ಮೂಡಿತ್ತು.

“ದೃಷ್ಟಿಬೊಟ್ಟು ಅಪ್ಪನ ಇಟ್ಟಾರ ನೋಡವಾ,” ಎಂದು ಬಾಳವ್ವ ನಗುತ್ತ ಮಗುವನ್ನು ಮಗಳ ತೊಡೆಗೆ ಹಾಕಿ ಊಟದ ತಯಾರಿಗೆ ಒಳಗೆ ಹೋದಳು.

ಶಿವಲಿಂಗವ್ವ ಸೆರಗಿನ ತುದಿಯಿಂದ ಒರೆಸಿದಳು. ತುದಿಯನ್ನು ಮೂಗಿಗೆ ಹಿಡಿದಳು. ಗಂಡನ ಅಂಗೈ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, ಅಷ್ಟೊಂದು ಚಪ್ಪಲಿಗಳ ನಡುವೆ ಹೊಳೆಯುತ್ತಿದ್ದ ಅವನ ಬೂಟುಗಳನ್ನು ನೋಡಿದಳು.

ಗುರುಪಾದಪ್ಪ ಕಾದ. ಬೈಯಲಿ, ಒಂದೇ ಒಂದು ಮಾತು ಬೈದುಬಿಡಲಿ ಎಂದು ಜೀವ ಹೋಗುವಷ್ಟು ಆಸೆಯಾಯಿತು.

“ನಾ… ಬೆಳಿಗ್ಗಿ ಕಾಶವ್ವ…” ಎಂದ.

“ಏನಾಗೂದಿಲ್ಲ ಬಿಡ್ರಿ,” ಎಂದಳು ಅವಳು, ಅವನತ್ತ ನೋಡದೆ.

ಸೆರಗನ್ನು ನೀರಲ್ಲಿ ಅದ್ದಿ ಮತ್ತೆ ಒರೆಸಿದಳು. ಒಳಗೆ ಎಲೆ ಹಾಕುವ ಗದ್ದಲ ಶುರುವಾಗಿತ್ತು. ಕಪ್ಪು ಹೋಗಲಿಲ್ಲ. ಒರೆಸಿದಷ್ಟೂ ಅದು ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಕೊರಳಿಗೆ ಇಳಿಯುತ್ತ, ಆಗಷ್ಟೇ ಕಟ್ಟಿದ ಬಿಳಿಯ ಬಟ್ಟೆಯ ತನಕ ಬಂದಿತ್ತು.